ಗಾಳಿಮರೆಯ ರನ್‌ವೇ

ರೇಕ್ಯವಿಕ್ ಎಂದು ನಮ್ಮ ಡಾಕ್ಟರು ಫೋನಿನಲ್ಲಿ ಹೇಳಿದಾಗ ನಾನು ಇನ್ನೊಮ್ಮೆ ಕೇಳಿದೆ. ನಮ್ಮ ಏರ್ ಆಂಬುಲೆನ್ಸ್ ಸಾಮಾನ್ಯವಾಗಿ ಹೋಗುವುದು ಜುಬಾ, ಮೊಗದಿಶು, ಕಿಗಾಲಿಗೆ. ದೂರ ಎಂದರೆ ಮುಂಬೈ. ಐಸ್‌ಲ್ಯಾಂಡಿನ ರಾಜಧಾನಿಗೆ ನಾವು ಯಾವತ್ತೂ ಹೋದದ್ದಿಲ್ಲ, ಅದೂ ಜನವರಿಯಲ್ಲಿ.

ನೈರೋಬಿಯ ವಿಲ್ಸನ್ ಏರ್‌ಪೋರ್ಟಿನ ಒಂದು ಕೋಣೆಯಲ್ಲಿ ಕೂತು ಈ ವಿಮಾನಗಳಿಗೆ ದಾರಿ ಹಾಕಿಕೊಡುವುದು ನನ್ನ ಕೆಲಸ. ಎಷ್ಟು ಇಂಧನ ಹಾಕಬೇಕು, ಎಲ್ಲಿ ಇಳಿದು ಮತ್ತೆ ತುಂಬಿಸಬೇಕು, ಇಳಿಯುವ ಊರಿನಲ್ಲಿ ಹವಾಮಾನ ಕೆಟ್ಟರೆ ಎಲ್ಲಿಗೆ ತಿರುಗಬೇಕು, ಎಲ್ಲವನ್ನೂ ಲೆಕ್ಕ ಹಾಕಬೇಕು. ಕೊನೆಯಲ್ಲಿ ಕ್ಯಾಪ್ಟನ್ ಮತ್ತು ನಾನು ಇಬ್ಬರೂ ಒಪ್ಪಿ ಸಹಿ ಹಾಕಿದರೆ ಮಾತ್ರ ವಿಮಾನ ಏಳುತ್ತದೆ. ಒಬ್ಬರು ಬೇಡ ಎಂದರೂ ಇಲ್ಲ.

ರೋಗಿ ಐಸ್‌ಲ್ಯಾಂಡಿನವರು, ಎಪ್ಪತ್ತರ ಹತ್ತಿರದ ಇಂಜಿನಿಯರ್. ನೈರೋಬಿಯ ವಾಯವ್ಯಕ್ಕೆ ನೈವಾಶಾ ಕಡೆ ನೆಲದೊಳಗಿನ ಹಬೆಯಿಂದ ವಿದ್ಯುತ್ ತೆಗೆಯುವ ಬಾವಿಗಳಿವೆಯಲ್ಲ, ಅಲ್ಲಿ ಸಲಹೆಗಾರರಾಗಿ ವರ್ಷಗಟ್ಟಲೆ ಇದ್ದವರು. ಹೆಂಡತಿಯೊಂದಿಗೆ ನೈರೋಬಿಯ ಲ್ಯಾವಿಂಗ್ಟನ್‌ನಲ್ಲಿ ಮನೆ ಮಾಡಿಕೊಂಡಿದ್ದರು. ಒಣ ಕೆಮ್ಮು ಎಂದು ಆಸ್ಪತ್ರೆಗೆ ಹೋದವರಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ಅಷ್ಟರಲ್ಲಿ ಅದು ಎಲ್ಲ ಕಡೆ ಹಬ್ಬಿತ್ತು.

ನಮ್ಮ ಡಾಕ್ಟರು ಮಂಗಳೂರಿನ ಕ್ರಿಶ್ಚಿಯನ್ನರು. ನೈರೋಬಿಯಲ್ಲೇ ತಲೆ ಬೆಳ್ಳಗಾದವರು. ಮನೆಯಲ್ಲಿ ಕೊಂಕಣಿ, ಆಸ್ಪತ್ರೆಯಲ್ಲಿ ಇಂಗ್ಲಿಷ್, ಡ್ರೈವರನ ಜೊತೆ ಸ್ವಾಹಿಲಿ, ನನ್ನ ಜೊತೆ ಕನ್ನಡ. ಸೋಮವಾರ ರೋಗಿಯನ್ನು ನೋಡಿಕೊಂಡು ನೇರವಾಗಿ ನನ್ನ ಕೋಣೆಗೆ ಬಂದರು.

"ಎಷ್ಟು ದಿನ ಇದೆ ಡಾಕ್ಟ್ರೇ?" ಎಂದೆ.

"ಬದುಕ್ಲಿಕ್ಕಾ, ವಿಮಾನ ಹತ್ಲಿಕ್ಕಾ?"

"ವಿಮಾನ ಹತ್ತೋಕೆ."

"ಒಂದು ವಾರ ಇಟ್ಕೊಳ್ಳಿ. ಈಗ ನಿಮಿಷಕ್ಕೆ ನಾಲ್ಕು ಲೀಟರ್ ಆಕ್ಸಿಜನ್ ಸಾಕಾಗ್ತದೆ. ಅದು ಎಂಟು, ಹತ್ತು ಆಯ್ತು ಅಂದ್ರೆ ನಾನೇ ಬೇಡ ಅಂತೇನೆ. ಗುಣ ಮಾಡ್ಲಿಕ್ಕೆ ಎಂತದೂ ಇಲ್ಲ ಮಾರಾಯ್ರೆ. ಮನೆಗೆ ಮುಟ್ಟಿಸ್ಲಿಕ್ಕೆ ಉಂಟು, ಅಷ್ಟೆ."

ಆಕ್ಸಿಜನ್ನಿನ ಲೆಕ್ಕವೇ ಈ ಪ್ರಯಾಣದ ಕಷ್ಟ. ವಿಮಾನ ಎತ್ತರಕ್ಕೆ ಹೋದಷ್ಟೂ ಒಳಗಿನ ಗಾಳಿಯೂ ತೆಳುವಾಗುತ್ತದೆ. ಆರೋಗ್ಯವಂತರಿಗೆ ಅದು ಗೊತ್ತೇ ಆಗುವುದಿಲ್ಲ, ಇಂಥವರಿಗೆ ಅದೇ ಕುತ್ತು. ನೈರೋಬಿಯೇ ಎತ್ತರದ ಊರು, ಇಲ್ಲಿನ ಗಾಳಿಗಿಂತ ತೆಳುವಾದದ್ದು ಅವರಿಗೆ ಕೂಡದು ಎಂದು ಡಾಕ್ಟರು ಷರತ್ತು ಹಾಕಿದರು. ಹಾಗಿದ್ದರೆ ವಿಮಾನ ತಗ್ಗಿನಲ್ಲಿ ಹಾರಬೇಕು. ತಗ್ಗಿನಲ್ಲಿ ಹಾರಿದರೆ ಇಂಧನ ಹೆಚ್ಚು ಸುಡುತ್ತದೆ, ನಡುವೆ ಹೆಚ್ಚು ಕಡೆ ಇಳಿಯಬೇಕಾಗುತ್ತದೆ, ಗಂಟೆಗಳು ಹೆಚ್ಚಾಗುತ್ತವೆ, ಆಗ ಸಿಲಿಂಡರುಗಳೂ ಹೆಚ್ಚು ಬೇಕು. ಸಿಲಿಂಡರಿನ ತೂಕ ಏರಿದರೆ ಇಂಧನ ಕಡಿಮೆ ಮಾಡಬೇಕು. ಆ ಸಂಜೆ ಈ ಚಕ್ರದಲ್ಲೇ ಸುತ್ತಿ ಸುತ್ತಿ ಕೊನೆಗೆ ಒಂದು ದಾರಿ ಕೂಡಿಸಿದೆ. ನೈರೋಬಿಯಿಂದ ಲಕ್ಸರ್, ಅಲ್ಲಿಂದ ದಕ್ಷಿಣ ಇಟಲಿ, ಅಲ್ಲಿಂದ ಸ್ಕಾಟ್‌ಲ್ಯಾಂಡ್, ಕೊನೆಗೆ ಸಮುದ್ರ ದಾಟಿ ಐಸ್‌ಲ್ಯಾಂಡ್. ಇಟಲಿಯಲ್ಲಿ ಪೈಲಟ್‌ಗಳ ಎರಡನೇ ಜೋಡಿ ಕಾದಿರಬೇಕು.

ಸ್ಕಾಟ್‌ಲ್ಯಾಂಡಿನವರೆಗೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಕೊನೆಯ ಎರಡು ಗಂಟೆಯಲ್ಲಿ.

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದರೆ ನಮಗೆ ಬೆಂಗಳೂರಿನಲ್ಲಿ ಎರಡು ದಿನ ಜಿಟಿಜಿಟಿ ಮಳೆ, ಶಾಲೆಗೆ ರಜೆ ಇದೆಯೋ ಇಲ್ಲವೋ ಎಂಬ ಗೊಂದಲ. ಅದು ಬರುತ್ತದೆ, ಕರಗುತ್ತದೆ, ಹೋಗುತ್ತದೆ. ಐಸ್‌ಲ್ಯಾಂಡ್ ಮತ್ತು ಗ್ರೀನ್‌ಲ್ಯಾಂಡಿನ ನಡುವಿನ ಸಮುದ್ರದ ಮೇಲೂ ಒಂದು ವಾಯುಭಾರ ಕುಸಿತವಿದೆ. ಚಳಿಗಾಲದ ಯಾವ ತಿಂಗಳಿನ ಸರಾಸರಿ ನಕ್ಷೆ ತೆಗೆದರೂ ಅದು ಹೆಚ್ಚುಕಮ್ಮಿ ಅಲ್ಲೇ ಕೂತಿರುತ್ತದೆ. ಪುಸ್ತಕಗಳು ಅದನ್ನು ಅರೆಶಾಶ್ವತ ಎನ್ನುತ್ತವೆ. ಹಾಗೆಂದು ಅದು ಒಂದೇ ಬಿರುಗಾಳಿಯಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಯಾವಾಗ ನೋಡಿದರೂ ಜನ ಇರುತ್ತಾರೆ, ಆದರೆ ಅದೇ ಜನರಲ್ಲ. ಇಲ್ಲೂ ಹಾಗೆಯೇ. ಅಮೆರಿಕದ ಕಡೆಯಿಂದ ಒಂದರ ಹಿಂದೆ ಒಂದು ಕುಸಿತ ಬಂದು ಈ ಮೂಲೆಯಲ್ಲಿ ಆಳವಾಗಿ, ನಿಂತು, ಸವೆದು ಹೋಗುತ್ತದೆ. ಅದು ಹೋಗುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಯುರೋಪಿನಲ್ಲಿ ಚಳಿಗಾಲ ಒದ್ದೆಯೋ ಒಣವೋ, ಬಿರುಗಾಳಿ ಎತ್ತ ಹೋಗುತ್ತದೆ ಎಂಬುದೆಲ್ಲ ಬಹುಪಾಲು ಈ ಮೂಲೆ ಎಷ್ಟು ಆಳವಾಗಿದೆ ಎನ್ನುವುದರ ಮೇಲೆ ನಿಂತಿದೆ. ಆ ಜನವರಿಯಲ್ಲಿ ಅದು ತೀರಾ ಆಳವಾಗಿತ್ತು.

ಆದ್ದರಿಂದ ಹವಾಮಾನ ಸರಿಹೋಗಲಿ ಎಂದು ಕಾಯುವುದರಲ್ಲಿ ಅರ್ಥವಿರಲಿಲ್ಲ. ಎರಡು ಕುಸಿತಗಳ ನಡುವಿನ ಬಿಡುವನ್ನು ಹಿಡಿಯಬೇಕಿತ್ತು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಅಂಥ ಒಂದು ಬಿಡುವು ಕಂಡಿತು. ಬುಧವಾರ ಬೆಳಿಗ್ಗೆ ಹೊರಟು, ಇಟಲಿಯಲ್ಲಿ ಸ್ವಲ್ಪ ನಿಂತು, ಗುರುವಾರ ಹಗಲಿನಲ್ಲಿ ಇಳಿಯುವುದು ಎಂದು ಗೊತ್ತುಮಾಡಿದೆವು. ವಿಲ್ಸನ್‌ನ ರನ್‌ವೇ ಚಿಕ್ಕದು. ನೈರೋಬಿಯ ಎತ್ತರದಲ್ಲಿ, ಬಿಸಿಲಿನಲ್ಲಿ, ಇಂಧನ ಪೂರ್ತಿ ತುಂಬಿಕೊಂಡು ಅಲ್ಲಿಂದ ಏಳಲಾಗದು. ವಿಮಾನವನ್ನು ಮಂಗಳವಾರವೇ ದೊಡ್ಡ ಏರ್‌ಪೋರ್ಟಿಗೆ ಒಯ್ದು ನಿಲ್ಲಿಸಿದೆವು.

ಬುಧವಾರ ಬೆಳಕು ಹರಿಯುವಾಗ ಬಂದ ಹೊಸ ನಕ್ಷೆಯಲ್ಲಿ ಆ ಬಿಡುವು ಇರಲಿಲ್ಲ. ದೊಡ್ಡ ಕುಸಿತದ ಬಾಲದಲ್ಲಿ ಒಂದು ಚಿಕ್ಕದು ಹುಟ್ಟಿತ್ತು. ಇಂಥವು ಚಿಕ್ಕವಾದರೂ ಓಟ ಜೋರು. ಗುರುವಾರ ಮಧ್ಯಾಹ್ನ ಸರಿಯಾಗಿ ರೇಕ್ಯವಿಕ್‌ನ ಮೇಲಿರುತ್ತದೆ ಎಂದು ಎಲ್ಲ ಮುನ್ಸೂಚನೆಗಳೂ ಹೇಳುತ್ತಿದ್ದವು. ರೋಗಿಯನ್ನು ಆಗಲೇ ಸ್ಟ್ರೆಚರಿಗೆ ಹಾಕಿ ಆಂಬುಲೆನ್ಸ್ ಹೊರಟಿತ್ತು. ನಾನು ಕ್ಯಾಪ್ಟನ್‌ಗೆ ಫೋನು ಮಾಡಿದೆ. ಅವರು ನೈರೋಬಿಯ ಕಸರಾನಿಯಲ್ಲೇ ಹುಟ್ಟಿ ಬೆಳೆದವರು, ಮಾತು ಕಡಿಮೆ. ನಕ್ಷೆ ಕಳಿಸಿದೆ, ನೋಡಿದರು.

"ಇಲ್ಲ," ಎಂದರು. ಅಷ್ಟೆ.

ಆಂಬುಲೆನ್ಸ್ ಅರ್ಧ ದಾರಿಯಿಂದ ತಿರುಗಿತು.

ಹನ್ನೊಂದು ಗಂಟೆಗೆ ರೋಗಿಯ ಹೆಂಡತಿ ಆಫೀಸಿಗೆ ಬಂದರು. ಎತ್ತರದ, ನೆಟ್ಟಗೆ ನಿಲ್ಲುವ ಹೆಂಗಸು. ಕೂತುಕೊಳ್ಳಿ ಎಂದರೆ ಕೂರಲಿಲ್ಲ. ಅವರು ಆಡಿದ್ದು ಇಂಗ್ಲಿಷಿನಲ್ಲಿ.

"ಹೊರಗೆ ಎಳೆದು ತಂದು ಮತ್ತೆ ಒಳಗೆ ತಳ್ಳಿದಿರಿ. ಅವನಿಗೆ ಎಷ್ಟು ನೋವಾಗುತ್ತದೆ ಅಂತ ನಿಮಗೆ ಗೊತ್ತಾ?"

"ಕ್ಷಮಿಸಿ ಮೇಡಂ. ಅಲ್ಲೊಂದು ವಾಯುಭಾರ ಕುಸಿತ ಇದೆ, ಅದು..."

"ನಾನು ಅದರ ಕೆಳಗೇ ಹುಟ್ಟಿದವಳು. ಅದರ ಬಗ್ಗೆ ನನಗೆ ಹೇಳಬೇಡಿ. ಯಾವಾಗ ಹೋಗುತ್ತೀರಿ, ಅದನ್ನು ಹೇಳಿ."

ಸಂಜೆಯೊಳಗೆ ಹೇಳುತ್ತೇನೆ ಎಂದೆ. ಅವರು ನನ್ನ ಪರದೆಯ ಮೇಲಿನ ನಕ್ಷೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ, ಮಗಳು ರೇಕ್ಯವಿಕ್‌ನಲ್ಲಿ ಕೋಣೆ ಸಜ್ಜು ಮಾಡಿಕೊಂಡು ಕಾಯುತ್ತಿದ್ದಾಳೆ, ಒಬ್ಬಳೇ ಮಗಳು, ಎಂದು ಹೇಳಿ ಹೋದರು.

ಮಧ್ಯಾಹ್ನ ಡಾಕ್ಟರು ಬಂದು ಆಕ್ಸಿಜನ್ ಐದೂವರೆಗೆ ಏರಿದೆ ಎಂದರು. ನಾಲ್ಕು ಲೀಟರಿಗೆ ನಾನು ಮಾಡಿದ್ದ ಲೆಕ್ಕವೆಲ್ಲ ಹಾಳಾಯಿತು.

"ಹೀಗೆ ಇಲ್ಲಿ ಕೂತು ಬಿಡುವು ಹುಡುಕಿದ್ರೆ ಆಗಲ್ಲ ಡಾಕ್ಟ್ರೇ," ಎಂದೆ. "ಇಲ್ಲಿಂದ ಹೊರಟು ಅಲ್ಲಿಗೆ ಮುಟ್ಟೋಕೆ ಒಂದೂವರೆ ದಿನ. ಒಂದೂವರೆ ದಿನ ಮೊದಲೇ ಅಷ್ಟು ಸಣ್ಣ ಬಿಡುವನ್ನ ನಂಬೋಕಾಗಲ್ಲ. ಸ್ಕಾಟ್‌ಲ್ಯಾಂಡಿನವರೆಗೆ ಹೋಗಿಬಿಡೋಣ. ಅಲ್ಲಿ ಆಸ್ಪತ್ರೆಯಲ್ಲಿ ಒಂದು ಬೆಡ್ ಸಿಕ್ರೆ, ಎರಡೇ ಗಂಟೆ ದೂರದಲ್ಲಿ ಕಾಯ್ತಾ ಇರಬಹುದು."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಮತ್ತೆ ಅಲ್ಲೇ ಬಾಕಿ ಆದ್ರೆ? ಇಲ್ಲಿ ಅವರ ಸ್ನೇಹಿತರಾದ್ರೂ ಇದ್ದಾರೆ. ಅಲ್ಲಿ ಯಾರುಂಟು?"

"ಆ ಪ್ರಶ್ನೆ ಅವರ ಹೆಂಡತಿಗೇ ಕೇಳಬೇಕು."

ಕೇಳಿದೆವು. ಹೊರಡಿ ಎಂದರು, ಒಂದೇ ಮಾತಿನಲ್ಲಿ. ಒಂದು ಕಡೆ ಆಸ್ಪತ್ರೆ ಒಪ್ಪಬೇಕು, ಇನ್ನೊಂದು ಕಡೆ ಆಕ್ಸಿಜನ್ ಮರುಪೂರಣದ ವ್ಯವಸ್ಥೆಯಾಗಬೇಕು. ಅದಕ್ಕೆ ಗುರುವಾರ ಇಡೀ ದಿನ ಹಿಡಿಯಿತು. ಶುಕ್ರವಾರ ಬೆಳಿಗ್ಗೆ ರೋಗಿ, ಹೆಂಡತಿ, ಡಾಕ್ಟರು ಮೂವರನ್ನೂ ಹತ್ತಿಸಿಕೊಂಡು ವಿಮಾನ ಎದ್ದಿತು. ಅಲ್ಲಿಂದ ಮುಂದೆ ಪ್ರತಿ ನಿಲ್ದಾಣದಿಂದ ಡಾಕ್ಟರು ಸಂದೇಶ ಕಳಿಸುತ್ತಿದ್ದರು. ಲಕ್ಸರ್‌ನಲ್ಲಿ ಆರು ಲೀಟರ್. ಇಟಲಿಯಲ್ಲಿ ಆರು. ಸ್ಕಾಟ್‌ಲ್ಯಾಂಡಿನಲ್ಲಿ ಸಮುದ್ರಮಟ್ಟದ ದಪ್ಪ ಗಾಳಿ ಸಿಕ್ಕು ಐದಕ್ಕಿಳಿಯಿತು. "ಸೂಪು ಕುಡಿದ್ರು," ಎಂದು ಬರೆದಿದ್ದರು. ನಮ್ಮ ಕ್ಯಾಪ್ಟನ್ ಇಟಲಿಯಲ್ಲೇ ಸ್ವಲ್ಪ ಮಲಗಿ, ಎರಡನೇ ಜೋಡಿ ಹಾರಿಸುತ್ತಿದ್ದ ಅದೇ ವಿಮಾನದಲ್ಲಿ ಸ್ಕಾಟ್‌ಲ್ಯಾಂಡಿಗೆ ಹೋಗಿ ಅಲ್ಲಿ ಪೂರ್ತಿ ವಿಶ್ರಾಂತಿ ಪಡೆದರು. ಕೊನೆಯ ಹಾರಾಟ ತಾನೇ ಮಾಡುತ್ತೇನೆ ಎಂದು ಹಟ ಹಿಡಿದಿದ್ದರು.

ಶನಿವಾರ ಪೂರ್ತಿ ಕಾದೆವು. ರೇಕ್ಯವಿಕ್‌ನ ಅಂತರರಾಷ್ಟ್ರೀಯ ಏರ್‌ಪೋರ್ಟ್ ಇರುವುದು ದ್ವೀಪದ ನೈಋತ್ಯ ಮೂಲೆಯಲ್ಲಿ, ಸಮುದ್ರಕ್ಕೆ ಮುಖ ಕೊಟ್ಟು. ಗಾಳಿಯೂ ನೈಋತ್ಯದ್ದೇ. ಅಲ್ಲಿನ ಎರಡು ರನ್‌ವೇಗಳಿಗೂ ಅದು ಓರೆಯಾಗಿ ಬಡಿಯುತ್ತಿತ್ತು. ನಮ್ಮ ಪುಟ್ಟ ಜೆಟ್ ತಡೆಯಬಹುದಾದ ಅಡ್ಡಗಾಳಿಗಿಂತ ಬಹಳ ಹೆಚ್ಚು. ಅದರ ಮೇಲೆ ಹಿಮದ ಸರಿಗಳು. ಕಾಲು ಗಂಟೆಗೊಮ್ಮೆ ಬಂದು ಏನೂ ಕಾಣದಂತೆ ಮುಚ್ಚಿ ಹೋಗುತ್ತಿದ್ದವು. ಕುಸಿತದ ನಡುಬಿಂದು ಗ್ರೀನ್‌ಲ್ಯಾಂಡಿನ ಪಕ್ಕ ಬಂದು ಅಲ್ಲಾಡದೆ ನಿಂತಿತ್ತು. ಮುನ್ಸೂಚನೆಯಲ್ಲಿ ಮುಂದಿನ ಬುಧವಾರದವರೆಗೂ ಅದೇ ಚಿತ್ರ.

ಭಾನುವಾರ ಬೆಳಿಗ್ಗೆ ನಾನು ನೈರೋಬಿಯ ಲೊರೆಶೋ ಬಡಾವಣೆಯ ನಮ್ಮ ಮನೆಯಲ್ಲಿದ್ದೆ. ನನ್ನ ಮಗಳು ಮೇಜಿನ ಆ ತುದಿಯಲ್ಲಿ ತಿಂಡಿ ತಿನ್ನುತ್ತ, ನನ್ನ ಲ್ಯಾಪ್‌ಟಾಪಿನ ಕಡೆ ನೋಡಿ, "ಸ್ಟಿಲ್ ದೇರ್?" ಎಂದಳು. "ಇನ್ನೂ ಅಲ್ಲೇ ಕಣೇ," ಎನ್ನುವಷ್ಟರಲ್ಲಿ ಡಾಕ್ಟರ ಫೋನು ಬಂತು.

"ಬೆಳಿಗ್ಗೆಯಿಂದ ಜ್ವರ. ಎಂಟು ಲೀಟರ್ ಆಯ್ತು ಮಾರಾಯ್ರೆ. ಇವತ್ತು ಒಂದು ಸಲ ಹತ್ತಿಸ್ಬಹುದು. ನಾಳೆಗೆ ನಾನು ಹೇಳ್ಲಿಕ್ಕಾಗುದಿಲ್ಲ."

"ಇವತ್ತು ರೇಕ್ಯವಿಕ್ ಆಗಲ್ಲ ಡಾಕ್ಟ್ರೇ."

"ಗೊತ್ತುಂಟು. ಹಾಗಾದ್ರೆ ಇಲ್ಲೇ ಇಟ್ಕೊಳ್ಳುದಾ? ಅವರ ಹತ್ರ ನಾನು ಹೇಳ್ಬೇಕಲ್ಲ."

ಅರ್ಧ ಗಂಟೆ ಕೊಡಿ ಎಂದೆ. ಕಾರು ತೆಗೆದು ಆಫೀಸಿಗೆ ಹೋದೆ. ಭಾನುವಾರವಾದ್ದರಿಂದ ದಾರಿ ಖಾಲಿ, ಚರ್ಚಿಗೆ ಹೋಗುವವರನ್ನು ತುಂಬಿಕೊಂಡ ಮಟಾಟು ವ್ಯಾನುಗಳಷ್ಟೇ. ದಾರಿಯುದ್ದಕ್ಕೂ ನಾವು ಆರು ದಿನದಿಂದ ಒಂದೇ ರನ್‌ವೇಯನ್ನು ನೋಡುತ್ತಿದ್ದೇವೆ ಎಂಬುದು ತಲೆಯಲ್ಲಿ ಕೊರೆಯುತ್ತಿತ್ತು.

ಕೋಣೆಗೆ ಬಂದವಳು ಮುನ್ಸೂಚನೆಯನ್ನು ಪಕ್ಕಕ್ಕಿಟ್ಟು, ಇಡೀ ದ್ವೀಪದಲ್ಲಿ ಆ ಗಂಟೆ ನಿಜವಾಗಿ ಏನಾಗುತ್ತಿದೆ ಎಂದು ನೋಡಿದೆ. ಪಶ್ಚಿಮ, ದಕ್ಷಿಣದಲ್ಲೆಲ್ಲ ಹಿಮ, ಬಿರುಗಾಳಿ. ಪೂರ್ವದಲ್ಲಿ ಒಂದು ಸಣ್ಣ ಊರು. ಅಲ್ಲಿ ಹಿಮವಿಲ್ಲ, ಮೋಡ ಮೇಲಿದೆ, ಹತ್ತು ಕಿಲೋಮೀಟರ್ ಕಾಣುತ್ತದೆ. ಘಟ್ಟದ ಮೇಲೆ ಸುರಿದ ಮುಂಗಾರು ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಬರಿಗೈಯಾಗುವ ಹಾಗೆ, ನೈಋತ್ಯದ ಗಾಳಿ ನಡುವಿನ ಹಿಮಪರ್ವತಗಳ ಮೇಲೆ ಎಲ್ಲವನ್ನೂ ಸುರಿದು ಪೂರ್ವಕ್ಕೆ ಒಣದಾಗಿ ಇಳಿಯುತ್ತಿತ್ತು. ಅಲ್ಲೊಂದು ಏರ್‌ಪೋರ್ಟ್ ಇತ್ತು. ಅದರ ಒಂದೇ ಒಂದು ರನ್‌ವೇ ಈಶಾನ್ಯದಿಂದ ನೈಋತ್ಯಕ್ಕೆ ಚಾಚಿತ್ತು. ಗಾಳಿ ಎಷ್ಟೇ ಜೋರಿದ್ದರೂ ವಿಮಾನದ ಮೂಗಿಗೆ ನೇರ. ನಮ್ಮ ಜೆಟ್‌ಗೆ ಬೇಕಾದಷ್ಟು ಉದ್ದವೂ ಇತ್ತು.

ಅಲ್ಲಿನ ಟವರಿಗೆ ಫೋನು ಮಾಡಿದೆ. ರನ್‌ವೇಯನ್ನು ಬೆಳಿಗ್ಗೆ ಕೆರೆದು ಶುಚಿ ಮಾಡಿದ್ದೇವೆ, ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಬೆಳಕು ಅಲ್ಲಿನ ಗಡಿಯಾರದ ಮೂರೂವರೆಯವರೆಗೆ ಇರುತ್ತದೆ ಎಂದರು. ಆಂಬುಲೆನ್ಸ್ ಇದೆ. ಆಸ್ಪತ್ರೆ ಚಿಕ್ಕದು, ಬೆಟ್ಟದ ಆಚೆ, ಆ ದಾರಿ ತೆರೆದಿದೆ. ರೇಕ್ಯವಿಕ್‌ಗೆ? ರಸ್ತೆ ಬಂದ್, ವಿಮಾನವೂ ಇಲ್ಲ, ಯಾವಾಗ ಶುರುವಾಗುತ್ತದೋ ಹೇಳಲಾಗದು ಎಂದರು.

ಕ್ಯಾಪ್ಟನ್, ಡಾಕ್ಟರು, ರೋಗಿಯ ಹೆಂಡತಿ, ಮೂವರನ್ನೂ ಒಂದೇ ಕರೆಯಲ್ಲಿ ಸೇರಿಸಿದೆ. ಮೊದಲು ಕ್ಯಾಪ್ಟನ್ ಮಾತಾಡಿದರು.

"ಪರ್ವತದ ಆ ಬದಿಯಲ್ಲಿ ಮರೆ ಸಿಗೋದಷ್ಟೇ ಅಲ್ಲ, ಗಾಳಿ ಮಡಚಿಕೊಂಡೂ ಬೀಳುತ್ತೆ. ಅಲುಗಾಟ ಜೋರಿರುತ್ತೆ."

"ದ್ವೀಪದ ಮೇಲೆ ಹೋಗೋದು ಬೇಡ," ಎಂದೆ. "ಸಮುದ್ರದ ಮೇಲೇ ಬಳಸಿಕೊಂಡು ಈಶಾನ್ಯದಿಂದ ಬನ್ನಿ. ಅಲ್ಲಿಂದ ರನ್‌ವೇವರೆಗೂ ಬಯಲು. ಇಳಿಯೋಕೆ ಆಗದಿದ್ರೆ ಸ್ಕಾಟ್‌ಲ್ಯಾಂಡಿಗೆ ವಾಪಸ್ ಬರುವಷ್ಟು ಇಂಧನ, ಆಕ್ಸಿಜನ್ ಎರಡೂ ಹಾಕ್ತೀನಿ. ಅರ್ಧ ದಾರಿಯಲ್ಲಿ ಫೆರೋ ದ್ವೀಪಗಳ ಹತ್ತಿರ ಬಂದಾಗ ಫೋನ್ ಮಾಡಿ. ಅಲ್ಲಿಯವರೆಗೆ ಗಾಳಿ ದಿಕ್ಕು ಬದಲಾಗಿದ್ರೆ ತಿರುಗಿಬಿಡಿ."

ಅವರು ಆ ಊರಿನ ವರದಿಯನ್ನು ತಾವೇ ಒಮ್ಮೆ ತೆರೆದು ನೋಡಿದರು. ಆಮೇಲೆ, "ಸವಾ," ಎಂದರು. ಸ್ವಾಹಿಲಿಯಲ್ಲಿ ಆಯಿತು ಎಂದು.

ಉಳಿದದ್ದು ಹೆಂಡತಿಯ ಮಾತು. ಅವರಿಗೆ ಆ ಊರು ಗೊತ್ತಿತ್ತು.

"ಅಲ್ಲಿ ನಮ್ಮವರು ಯಾರೂ ಇಲ್ಲ," ಎಂದರು. "ಮಗಳು ದ್ವೀಪದ ಆ ತುದಿಯಲ್ಲಿದ್ದಾಳೆ. ರಸ್ತೆ ತೆರೆಯುವುದಿಲ್ಲ ಅಂತ ನೀವೇ ಹೇಳ್ತಿದ್ದೀರಿ. ಇಲ್ಲಿಂದ ಅಲ್ಲಿಗೆ ಹೋದರೆ ಏನು ವ್ಯತ್ಯಾಸ? ಅವಳು ಇಲ್ಲಿಗೂ ಬರಲಾರಳು, ಅಲ್ಲಿಗೂ ಬರಲಾರಳು."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಬುಧವಾರದ ಹೊತ್ತಿಗೆ ಗಾಳಿ ಇಳಿಯಬಹುದು, ಆಗ ದೇಶದೊಳಗಿನ ವಿಮಾನ ಮೊದಲು ಹಾರುತ್ತದೆ, ಎಂದು ನಾನು ಹೇಳಿದೆ. ಬಹುದು ಎಂದಷ್ಟೇ ಹೇಳಲು ಸಾಧ್ಯವಿತ್ತು. ಕೊನೆಗೆ ಹೆಂಡತಿ ಫೋನನ್ನು ಗಂಡನ ಹಾಸಿಗೆಯ ಹತ್ತಿರ ಒಯ್ದಿರಬೇಕು. ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಮಾಸ್ಕಿನೊಳಗಿಂದ ಒಂದು ಗೊಗ್ಗರು ಧ್ವನಿ ಎರಡು ಮೂರು ಪದ ಹೇಳಿತು. ಅವರ ಧ್ವನಿಯನ್ನು ನಾನು ಕೇಳಿದ್ದು ಅದೊಂದೇ ಸಲ.

"ಹೋಗೋಣ ಅಂತಾನೆ," ಎಂದರು ಹೆಂಡತಿ. "ಅವನಿಗೆ ಮಗಳ ವಿಷಯ ಹೇಳಿದೆ. ಆದರೂ ಹೋಗೋಣ ಅಂತಾನೆ."

ಸಹಿ ಹಾಕಿದೆ. ನೈರೋಬಿಯಲ್ಲಿ ಮಧ್ಯಾಹ್ನ ಮೂರು ಗಂಟೆ, ಅಲ್ಲಿ ಹನ್ನೆರಡರ ಹೊತ್ತಿಗೆ ಅವರು ಸ್ಕಾಟ್‌ಲ್ಯಾಂಡಿನಿಂದ ಎದ್ದರು. ಮುಂದಿನ ಒಂದು ಗಂಟೆ ನನಗೆ ಮಾಡಲು ಕೆಲಸವಿರಲಿಲ್ಲ. ಆ ಸಣ್ಣ ಊರಿನ ಗಾಳಿಯ ವರದಿಯನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದೆ. ಕಿಟಕಿಯಾಚೆ ವಿಲ್ಸನ್‌ನಲ್ಲಿ ಸಫಾರಿಗೆ ಹೋಗುವ ಚಿಕ್ಕ ವಿಮಾನಗಳು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದವು. ಫೆರೋ ಹತ್ತಿರದಿಂದ ಕ್ಯಾಪ್ಟನ್ ಕರೆದರು. ಗಾಳಿ ಅದೇ ದಿಕ್ಕಿನಲ್ಲಿದೆ, ಆದರೆ ಜೋರಾಗಿದೆ ಎಂದೆ. ಎಷ್ಟು ಎಂದು ಕೇಳಿದರು, ಹೇಳಿದೆ. "ಮುಂದೆ ಹೋಗ್ತೀನಿ," ಎಂದರು.

ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಬರಬೇಕಾದ ಹೊತ್ತು ದಾಟಿತು. ನಾನು ಎದ್ದು ನಿಂತಿದ್ದೆ ಎಂಬುದು ಫೋನು ಹೊಡೆದಾಗಲೇ ನನಗೆ ಗೊತ್ತಾದದ್ದು. ಒಂದು ಸಲ ಇಳಿಯಲು ಹೋಗಿ, ಅಲುಗಾಟಕ್ಕೆ ಮೇಲೆತ್ತಿಕೊಂಡು, ಸುತ್ತಿ ಬಂದು ಎರಡನೇ ಸಲ ಇಳಿದಿದ್ದರು.

"ಇನ್ನೊಂದು ಸಲ ಮೇಲೆತ್ತಬೇಕಾಗಿದ್ರೆ ವಾಪಸ್ ಹೊರಡ್ತಿದ್ದೆ," ಎಂದರು ಕ್ಯಾಪ್ಟನ್. ಅವರ ಧ್ವನಿ ಎಂದಿನ ಹಾಗೆಯೇ ಇತ್ತು.

ಡಾಕ್ಟರು ಮರುವಾರ ನೈರೋಬಿಗೆ ಮರಳಿದ ಮೇಲೆ ಉಳಿದದ್ದನ್ನು ಹೇಳಿದರು. "ಎರಡನೇ ಸಲ ಇಳಿಯುವಾಗ ನಾನೇ ದೇವರ ಹೆಸರು ಹೇಳಿದ್ದು ಮಾರಾಯ್ರೆ. ಅವರು ಮಾತ್ರ ಕಿಟಕಿಯಲ್ಲಿ ನೋಡ್ತಾ ಇದ್ರು. ಬಾಗಿಲು ತೆಗೆದ ಕೂಡ್ಲೆ ಎಂತ ಚಳಿ! ಅವರು ಮಾಸ್ಕ್ ತೆಗೀರಿ ಅಂತ ಕೈ ಮಾಡಿದ್ರು. ನಾನು ಎರಡು ಉಸಿರಿಗೆ ತೆಗೆದೆ. ತೆಗೀಬಾರದು, ಆದ್ರೂ ತೆಗೆದೆ."

ಆ ಮೂಲೆಯ ಗಾಳಿ ಬುಧವಾರ ಇಳಿಯಲಿಲ್ಲ. ದೊಡ್ಡ ಕುಸಿತ ಸವೆಯುವ ಮೊದಲೇ ಇನ್ನೊಂದು ಬಂದು ಸೇರಿಕೊಂಡಿತು. ನನ್ನ ಕೆಲಸ ಮುಗಿದಿದ್ದರೂ ದಿನವೂ ನೋಡುತ್ತಿದ್ದೆ. ರೇಕ್ಯವಿಕ್‌ನಿಂದ ಪೂರ್ವಕ್ಕೆ ವಿಮಾನ ಹಾರಿದ್ದು ಶುಕ್ರವಾರ. ರೋಗಿ ತೀರಿಕೊಂಡದ್ದು ಆ ಶುಕ್ರವಾರವೇ ಎಂದು ಕಂಪನಿಗೆ ಬಂದ ಸಂದೇಶದಲ್ಲಿತ್ತು. ಬೆಳಿಗ್ಗೆಯೋ ಸಂಜೆಯೋ ಎಂದಿರಲಿಲ್ಲ. ಸ್ಕಾಟ್‌ಲ್ಯಾಂಡಿನಲ್ಲೇ ಇಟ್ಟಿದ್ದರೆ ಮಗಳು ಬೇರೆ ದಾರಿಯಿಂದ ಬೇಗ ಬರುತ್ತಿದ್ದಳೇನೋ ಎಂದು ನಾನು ಲೆಕ್ಕ ಹಾಕಿದೆ. ದೇಶದಿಂದ ಹೊರಗೆ ಹೋಗುವ ವಿಮಾನಗಳು ಗುರುವಾರ ಒಂದೆರಡು ಹಾರಿದ್ದವು. ಅದನ್ನು ಡಾಕ್ಟರಿಗೂ ಹೇಳಲಿಲ್ಲ.

ಕೆಲವು ವಾರಗಳ ನಂತರ ಲ್ಯಾವಿಂಗ್ಟನ್ ಮನೆಯನ್ನು ಖಾಲಿ ಮಾಡಲು ಹೆಂಡತಿ ನೈರೋಬಿಗೆ ಬಂದರು. ಒಂದು ಮಧ್ಯಾಹ್ನ ನನ್ನ ಮೇಜಿನ ಫೋನಿಗೆ ಕರೆ ಮಾಡಿ ಹೆಸರು ಹೇಳಿದರು. ನನ್ನ ಮಾತಿಗೆ ಕಾಯದೆ ಅವರೇ ಹೇಳಿದರು.

"ನೀವಾಗಿ ಕೇಳುವುದಿಲ್ಲ ಅಂತ ಗೊತ್ತು, ಅದಕ್ಕೇ ಹೇಳ್ತಿದ್ದೇನೆ. ಮಗಳು ಬಂದಾಗ ಅವನಿಗೆ ಉಸಿರಿತ್ತು, ಮಾತು ಹೋಗಿತ್ತು. ಕಣ್ಣೂ ತೆರೆಯಲಿಲ್ಲ. ಅವಳು ಕೈ ಹಿಡಿದುಕೊಂಡಳು. ಆಗ ಇನ್ನೂ ಬೆಚ್ಚಗಿತ್ತು."

ನಾನು "ಹೌದಾ" ಎಂದೆ, ಕನ್ನಡದಲ್ಲೇ. ಅವರಿಗೆ ಅರ್ಥವಾಯಿತೆಂದು ಕಾಣುತ್ತದೆ.